ಚರಗವನ್ನು ಕಸದ ಗಾಡಿಗೆ ಹಾಕಿಸಿದವರಿಗೆ

ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ಶೀಗಿ ಹುಣ್ಣಿಮೆಯಂದು ನಮ್ಮ ಅತ್ತೆ ಯಂಕವ್ವ ಭೂಮಿತಾಯಿಗೆಂದು ಚೆಲ್ಲಿದ ಚರಗವನ್ನು ತಾವು ಅವರ ಕೈಯಿಂದಲೇ ಬಳಿಸಿ ಪುರಸಭೆಯ ಕಸದ ಗಾಡಿಗೆ ಹಾಕಿಸಿದಿರಿ. ಅದರ ಫೋಟೋ ತೆಗೆಸಿ, 'ಕಸ ಎಸೆದವರಿಂದಲೇ ಸ್ವಚ್ಛತೆ' ಎಂದು ಬರೆಸಿ ವಾಟ್ಸಾಪಿನಲ್ಲಿ ಹಂಚಿದಿರಿ. ಫೋಟೋ ಚೆನ್ನಾಗಿಯೇ ಬಂದಿದೆ. ಅತ್ತೆಯ ಬಗ್ಗಿದ ಬೆನ್ನು, ಹಬ್ಬಕ್ಕೆಂದು ಉಟ್ಟ ಇಳಕಲ್ ಸೀರೆ, ಹಿಂದೆ ಕೈಕಟ್ಟಿ ನಿಂತ ತಾವು, ಎಲ್ಲವೂ ಸ್ಪಷ್ಟ. ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತ ಹೆಂಗಸು ನಾನು, ಅವರ ಸೊಸೆ. ಈ ಪತ್ರವನ್ನು ನಾಚಿಕೆಯಿಂದ ಬರೆಯುತ್ತಿದ್ದೇನೆ. ಸಿಟ್ಟು ಆಮೇಲೆ ಬಂತು.

ತಾವು ಬೇರೆ ಸೀಮೆಯವರಿರಬಹುದು, ಅದಕ್ಕೇ ಹೇಳುತ್ತೇನೆ. ಹೊಲದಲ್ಲಿ ಪೈರು ನಿಂತಿರುವಾಗ ಭೂಮಿ ಬಸುರಿ ಎಂಬುದು ನಮ್ಮವರ ಲೆಕ್ಕ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ? ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಎಲ್ಲವನ್ನೂ ಕಲೆಸಿ, 'ಹುಲ್ಲುಲ್ಲಿಗೋ' ಎಂದು ಕೂಗುತ್ತ ಹೊಲದ ಸುತ್ತ ಚೆಲ್ಲುತ್ತೇವೆ. ಅದೇ ಚರಗ. ಸಂಜೆಯೊಳಗೆ ಹಕ್ಕಿ, ಇರುವೆ ತಿಂದು ಮುಗಿಸುತ್ತವೆ. ತಮ್ಮ ಗಾಡಿಗೆ ಕೆಲಸ ಉಳಿಯುವುದಿಲ್ಲ.

ಹೆದ್ದಾರಿಗೆ ಹತ್ತಿದ ನಮ್ಮ ನಾಲ್ಕು ಎಕರೆಯಲ್ಲಿ ಮೈದುನ ತನ್ನ ಪಾಲಿಗೆ ಬಂದ ಎರಡು ಎಕರೆಯನ್ನು ಮಾರಿದ. ಕೊಂಡವರು ಬೇವು, ಬನ್ನಿ ಎಲ್ಲವನ್ನೂ ಕಡಿದು, ಹಳ್ಳಕ್ಕೆ ಮಣ್ಣು ತುಂಬಿ, ಬಡಾವಣೆಗೆ 'ಹಸಿರುವನ' ಎಂದು ಕಮಾನು ಕಟ್ಟಿದರು. ಹೆಸರಿಟ್ಟವರು ನಗು ಹೇಗೆ ತಡೆದುಕೊಂಡರೋ! ಅತ್ತೆ ಮಾತ್ರ ಹುಣ್ಣಿಮೆಯಂದು ಚರಗ ಚೆಲ್ಲುತ್ತ ಹಳೆಯ ಬದುವಿನ ಗುಂಟವೇ ನಡೆದರು. ಸೈಟಿನ ಕಲ್ಲು ಬಂದಾಗ ನಾನು, "ಅತ್ತೀ, ಇನ್ನ ಮುಂದ ನಮ್ಮದಲ್ಲರಿ" ಎಂದೆ.

"ಮಾರಿದ್ದು ಮನಷ್ಯಾರು. ಭೂಮಿಗೇನ ಗೊತ್ತು? ಒಂದ ಕಡೆ ಉಣಿಸಿ ಒಂದ ಕಡೆ ಉಪಾಸ ಹಾಕಲೇನು?" ಎಂದು ಕಲ್ಲು ದಾಟಿಯೇಬಿಟ್ಟರು.

ಆ ಹೊತ್ತಿಗೆ ಬಡಾವಣೆ ನೋಡಲು ತಾವು ಬಂದಿದ್ದಿರಿ. "ಏನಮ್ಮಾ, ಸೈಟಿನಲ್ಲಿ ಕಸ ಚೆಲ್ಲುತ್ತೀಯಲ್ಲ?" ಎಂದಿರಿ.

"ಕಸ ಅಲ್ರೀ ಸಾಹೇಬ್ರ, ಚರಗರಿ."

"ಏನಾದರೂ ಇರಲಿ, ಎತ್ತು."

ಅವರು ಕೂತು ಒಂದೊಂದೇ ಅಗುಳು ಆರಿಸಿದರು. "ತಪ್ಪಾತ್ರಿ" ಎಂದು ಕೈಮುಗಿದರು. ಯಾವ ತಪ್ಪು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಡಿಗ್ರಿ ಓದಿದ ಬಾಯಿ ಸ್ವಾಮಿ, ಬೆಂಕಿ ಹಚ್ಚಬೇಕು ಅದಕ್ಕೆ.

ಅಲ್ಲ, ತಮಗೆ ಸ್ವಚ್ಛತೆಯ ಮೇಲೆ ಇಷ್ಟು ಪ್ರೀತಿ ಇದ್ದರೆ ಸರ್ವಿಸ್ ರಸ್ತೆಯ ಢಾಬಾಗಳ ಹಿಂದೆ ಒಮ್ಮೆಯಾದರೂ ಇಳಿದು ನೋಡಿದ್ದೀರಾ? ಹಳ್ಳಕ್ಕೆ ಟಿಪ್ಪರುಗಟ್ಟಲೆ ಮಣ್ಣು ಸುರಿದವರಿಗೆ "ಎತ್ತು" ಎಂದಿದ್ದೀರಾ? ಅಂದು ತಮ್ಮ ಫೋನಿನಲ್ಲಿ ಚಾರ್ಜ್ ಇರಲಿಲ್ಲವೇನೋ. ಹಳ್ಳ ಮುಚ್ಚಿದ ಮೇಲೆ ಮಳೆನೀರು ನಮ್ಮ ಹತ್ತಿಯಲ್ಲಿ ನಿಂತು ಅರ್ಧ ಬೆಳೆ ಕೊಳೆಯಿತು. ಉಳಿದ ಅರ್ಧಕ್ಕೇ ಅತ್ತೆ ಚರಗ ಚೆಲ್ಲಿದ್ದು.

ಫೋಟೋ ಸವಣೂರಿನ ವೀಳ್ಯದೆಲೆ ವ್ಯಾಪಾರಿಯಿಂದ ಹಾನಗಲ್ಲಿನ ಬೀಗರವರೆಗೂ ತಲುಪಿತು. ಕರಾವಳಿಯ ಪಟ್ಟಣಕ್ಕೆ ಕೊಟ್ಟ ನನ್ನ ತಂಗಿ ಮಂಜುಳಾ ಫೋನ್ ಮಾಡಿ ಅತ್ತಳು. "ಅಕ್ಕಾ, ಇಲ್ಲೂ ಹಿಂಗ ನಡದೈತಿ. ಉಪ್ಪುನೀರಿನ ಗಜನಿ ಗದ್ದೆಗೆ ಮಣ್ಣು ತುಂಬಿ ಮನಿ ಕಟ್ಯಾರ. ಮಳಿ ಬಂದ್ರ ನೀರು ಮೀನುಗಾರರ ಒಲೀಗೆ ಬರ್ತೈತಿ. ಆದ್ರ ಇಲ್ಲಿ ಯಾರೂ ಅವರ ಕೈಲೆ ಉಣ್ಣೂ ಅನ್ನ ಬಳಿಸಿಲ್ಲ ನೋಡು" ಎಂದಳು. ಊರು ಬೆಳೆಸುವುದು ಕಡಲ ದಂಡೆಯಲ್ಲೂ ಎರೆಹೊಲದಲ್ಲೂ ಒಂದೇ ರೀತಿ ಎಂದಾಯಿತು. ತಮ್ಮದು ಮಾತ್ರ ಒಂದು ಕೈ ಮೇಲು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಮ್ಮದು ಒಂದು ಹಿಡಿ ಮೊಸರನ್ನಕ್ಕೆ ಹೋಯಿತು.

ಈಗ ಮುಖ್ಯ ಮಾತು. ಊರಿನ ಹೊಸ ನಕ್ಷೆಯಲ್ಲಿ ನಮ್ಮ ಉಳಿದ ಎರಡು ಎಕರೆಗೂ ತಾವು ಮನೆಗಳ ಹಳದಿ ಬಣ್ಣ ಬಳಿದಿದ್ದೀರಿ. ಹೊಲ ಅತ್ತೆಯ ಹೆಸರಿನಲ್ಲಿದೆ. ದಲ್ಲಾಳಿಗಳು ಬಂದಾಗಲೆಲ್ಲ, "ನನ್ನ ಹೆಣ ಎತ್ತಿದ ಮ್ಯಾಲ ಬರ್ರಿ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದರು. ನಕ್ಷೆಗೆ ಆಕ್ಷೇಪಣೆ ಬರೆ ಎಂದು ನನ್ನ ಬೆನ್ನುಹತ್ತಿದವರೂ ಅವರೇ. ಹುಣ್ಣಿಮೆಯ ಮರುದಿನ ಒಲೆಯ ಮುಂದೆ ಕೂತು, "ಕೊಟ್ಟಬಿಡ್ರಿ ಅತ್ಲಾಗ. ನಾ ಹಾಕಿದ್ದು ಕಸ ಆದ ಮ್ಯಾಲ ಅದೂ ಹೊಲ ಅಲ್ಲ" ಎಂದರು. ಅಂದಿನಿಂದ ಹೊಲದ ಕಡೆ ಮುಖ ಹಾಕಿಲ್ಲ. ಯಾವ ದಲ್ಲಾಳಿಯಿಂದಲೂ ಆಗದ್ದನ್ನು ತಾವು ಎರಡೇ ಮಾತಿನಲ್ಲಿ ಮಾಡಿ ಮುಗಿಸಿದಿರಿ. ಬರುವ ಸೋಮವಾರ ಕೊಳ್ಳುವವರು ಮನೆಗೆ ಬರುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ಹಳದಿ ಬಣ್ಣಕ್ಕೆ ಇದೇ ನನ್ನ ಆಕ್ಷೇಪಣೆ, ದಾಖಲಿಸಿಕೊಳ್ಳಿ. ಮುಚ್ಚಿದ ಹಳ್ಳವನ್ನು ತೆಗೆಸಿ. ಇವೆರಡಕ್ಕೂ ತಮಗೆ ಕಾಲಾವಕಾಶ ಬೇಕು, ಗೊತ್ತು. ಮೂರನೆಯದಕ್ಕೆ ಬೇಡ. ಸೋಮವಾರದೊಳಗೆ ನಮ್ಮ ಮನೆಗೆ ಬಂದು, ಅತ್ತೆಯ ಎದುರು ಕೂತು, "ನೀವು ಚೆಲ್ಲಿದ್ದು ಕಸವಲ್ಲ" ಎಂದು ತಮ್ಮ ಬಾಯಿಂದಲೇ ಹೇಳಿ. ನಾವು ನೂರು ಸಲ ಹೇಳಿದೆವು, ನಂಬುತ್ತಿಲ್ಲ. ಸಾಹೇಬರು ಹೇಳಿದ್ದನ್ನು ಮಾತ್ರ ನಂಬಿದ್ದಾರೆ.

ಈ ಪತ್ರದ ವಿಷಯ ಅತ್ತೆಗೆ ಗೊತ್ತಾಗಿದೆ. "ಬರ್ತಾರೇನು ಅವರು?" ಎಂದು ಕೇಳಿದರು. ಗೊತ್ತಿಲ್ಲರಿ ಎಂದೆ. "ಬಂದ್ರ ಮೊದಲ ಉಣ್ಣಾಕ ನೀಡು. ಮಾತು ಆಮ್ಯಾಲ" ಎಂದರು. ಆ ತುತ್ತು ತಮ್ಮ ಗಂಟಲಲ್ಲಿ ಹೇಗೆ ಇಳಿಯುತ್ತದೋ ನಾನು ನೋಡಬೇಕು.

ಇಂತಿ,
ಯಂಕವ್ವನ ಸೊಸೆ ನೀಲಾ,
ಸೋಮವಾರದವರೆಗೆ ಒಕ್ಕಲಗಿತ್ತಿ