ಬೂದಿ ನೀರು ಕುಡಿಯುತ್ತಿಲ್ಲ

ಮನೆಯಿಂದ,
ಜನವರಿ ೯, ಮಂಗಳವಾರ

ಪ್ರೀತಿಯ ತಂಗೀ,

ಮೊಣಕಾಲು ಹೇಗಿದೆ? ಹೊಲಿಗೆ ಬಿಚ್ಚಿದರೇ? ಮಗಳ ಮನೆಯಲ್ಲವೇ ಎಂದು ಅಡುಗೆಮನೆಗೆ ನುಗ್ಗಿ ಯಜಮಾನಿಕೆ ಮಾಡಬೇಡ. ಡಾಕ್ಟರು ಆರು ವಾರ ಅಂದರೆ ಆರು ವಾರ. ಹೇಳಿದ್ದು ಒಂದೂ ನಿನ್ನ ಕಿವಿಗೆ ಹೋಗುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಫೋನು ಮಾಡದೆ ಕಾಗದ ಬರೆಯುವುದಕ್ಕೆ ಕಾರಣವಿದೆ. ನಾನು ಫೋನು ಹಿಡಿದರೆ ಸಾಕು, ಮಗ ಸೊಸೆ ಇಬ್ಬರಿಗೂ ಅದೇ ಕೋಣೆಯಲ್ಲಿ ಏನಾದರೂ ಕಳೆದುಹೋಗಿರುತ್ತದೆ. ನೀನೋ, ಆ ಕಡೆಯಿಂದ ಕಿಸಕ್ಕನೆ ನಕ್ಕರೆ ನಾನು ಹೇಳಬೇಕಾದ್ದೇ ಮರೆತುಹೋಗುತ್ತದೆ.

ಈ ಸಲದ ಚಳಿ ಮೂಳೆ ಕೊರೆಯುತ್ತಿದೆ. ಸವಾರಿ ಶಾಲೆ ಮುಚ್ಚಿದ ಮೇಲೆ ಉಳಿದದ್ದು ಎರಡೇ ಮುದಿ ಕುದುರೆ, ಅವನ್ನು ನೋಡಿಕೊಳ್ಳುವುದು ಯಾವ ಮಹಾ ಕೆಲಸ ಎಂದು ನೀನು ಹೊರಟ ದಿನ ಅಂದಿದ್ದೆನಲ್ಲ, ಅದು ಸರಿಯೇ. ಕುದುರೆ ನೋಡಿಕೊಳ್ಳುವುದು ಕಷ್ಟವಲ್ಲ, ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು ಕಷ್ಟ. ನೀನು ತಲೆಯ ಮೇಲೆ ಕೂರಿಸಿಕೊಂಡು ಬೆಳೆಸಿದ ನನ್ನ ಮಗರಾಯ ಲಾಯ ಬೆಚ್ಚಗಿರಲಿ ಎಂದು ಗೋಣಿ, ಪ್ಲಾಸ್ಟಿಕ್ಕು, ಹಳೇ ಪರದೆ, ಸಿಕ್ಕಿದ್ದೆಲ್ಲ ತುರುಕಿ ಒಂದು ಕಿಂಡಿ ಬಿಡದೆ ಮುಚ್ಚಿದ್ದ. ಬೆಳಿಗ್ಗೆ ಬಾಗಿಲು ತೆಗೆದರೆ ಮೂತ್ರದ ಘಾಟು ಕಣ್ಣಿಗೆ ಹೊಡೆಯಿತು, ಗಂಡು ಕುದುರೆ, ನಮ್ಮ ಮುದುಕ, ಗೊರಗೊರ ಕೆಮ್ಮುತ್ತಿದ್ದ. "ಗಾಳಿ ಬರುತ್ತಲ್ಲಮ್ಮಾ" ಅನ್ನುತ್ತಾನೆ. ಗಾಳಿ ಮೈಗೆ ಬಡಿಯಬಾರದು, ತಲೆಯ ಮೇಲೆ ಹಾದುಹೋಗಬೇಕು, ಅಪ್ಪ ಅಷ್ಟೆತ್ತರದಲ್ಲಿ ಕಿಂಡಿ ಇಡಿಸಿದ್ದು ಅಂದಕ್ಕಲ್ಲ ಎಂದು ಎಲ್ಲವನ್ನೂ ಕಿತ್ತೆಸೆದೆ. ಸೊಸೆಯದು ಇನ್ನೊಂದು ಬಗೆ. ಮೊನ್ನೆಯ ಅಕಾಲ ಮಳೆಯಲ್ಲಿ ನೆನೆದು ಬಂದ ಮುದುಕನ ಮೈ ಒರೆಸದೆ ದಪ್ಪ ಹೊದಿಕೆ ಹೊದಿಸಿ ಬಿಗಿದುಬಿಟ್ಟಳು. ಒದ್ದೆ ಬಟ್ಟೆಯ ಮೇಲೆ ಕಂಬಳಿ ಹೊದ್ದು ಒಂದು ಗಂಟೆ ಕೂತು ನೋಡು, ಗೊತ್ತಾಗುತ್ತದೆ ಎಂದೆ. ಮುಖ ಊದಿಸಿಕೊಂಡಳು. ಪಾಪ, ಅವಳಿಗೆ ಮನಸ್ಸಿದೆ, ಕೈಗೆ ಇನ್ನೂ ಬುದ್ಧಿ ಬಂದಿಲ್ಲ.

ಮುದುಕ ಈಗ ಪರವಾಗಿಲ್ಲ. ಮುಂದೆ ಹುಲ್ಲು ಇರುವ ತನಕ ಅವನಿಗೆ ಲೋಕವೇ ಬೇಡ, ಹೊಟ್ಟೆಯಲ್ಲಿ ಹುಲ್ಲು ಅರಗುತ್ತಿದ್ದರೆ ಮೈಯೇ ಒಲೆಯ ಹಾಗೆ ಬೆಚ್ಚಗಿರುತ್ತದೆ. ನನ್ನ ಪ್ರಾಣ ಹಿಂಡುತ್ತಿರುವುದು ನಿನ್ನ ಬೂದಿ. ಊರಿನ ಅರ್ಧ ಮಕ್ಕಳಿಗೆ ಬೆನ್ನು ಕೊಟ್ಟು ಸವಾರಿ ಕಲಿಸಿದ ಹೆಣ್ಣು ಕುದುರೆ, ಇಷ್ಟು ಹಟಮಾರಿ ಎಂದು ನನಗೆ ಗೊತ್ತಿರಲಿಲ್ಲ. ಸವೆದ ಹಲ್ಲಿಗಾಗಿ ಹುಲ್ಲು ಸಣ್ಣಗೆ ಕತ್ತರಿಸಿ, ತವುಡನ್ನು ಬಿಸಿನೀರಿನಲ್ಲಿ ಗಂಜಿಯ ಹಾಗೆ ಕಲಸಿ ಕೊಟ್ಟರೆ ತಿನ್ನುತ್ತಾಳೆ. ಚಳಿಗಾಲದ ದಟ್ಟ ಕೂದಲು ನೋಡಿ ಮೋಸಹೋಗಬಾರದೆಂದು ದಿನಾ ಪಕ್ಕೆಗೆ ಕೈಯೊತ್ತಿ ಎಲುಬು ಮುಟ್ಟಿ ನೋಡುತ್ತೇನೆ. ನೀರು ಮಾತ್ರ ಬೇಡ. ಬೆಚ್ಚಗೆ ಮಾಡಿ ಕೊಟ್ಟೆ, ಬೇಡ. ಬಕೆಟ್ಟು ಬದಲಿಸಿದೆ, ಬೇಡ. ಕಾಲಿಗೆ ಬೀಳುವುದೊಂದು ಬಾಕಿ. ಮೂತಿ ಅದ್ದಿ, ತಲೆಯೆತ್ತಿ ನನ್ನ ಮುಖ ನೋಡುತ್ತ ನಿಲ್ಲುತ್ತಾಳೆ, ನಾನೇ ಏನೋ ಮರೆತಿದ್ದೇನೆ ಎನ್ನುವ ಹಾಗೆ. ಕುದುರೆ ಡಾಕ್ಟರನ್ನು ಕರೆಸಿದೆ. ತವುಡಿನ ಜೊತೆ ಹೋಗುವ ನೀರಿನಲ್ಲಿ ಹೇಗೋ ದಿನ ದೂಡುತ್ತಿದ್ದಾಳೆ, ಹೀಗೇ ಆದರೆ ಕರುಳು ಕಟ್ಟಿಕೊಳ್ಳುತ್ತದೆ, ಈ ವಯಸ್ಸಿನಲ್ಲಿ ಕಟ್ಟಿಕೊಂಡರೆ ಉಳಿಯುವುದು ಕಷ್ಟ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಸೊಸೆ ಕಂಬದ ಮರೆಯಿಂದ ಬಾಯಿಬಿಟ್ಟಳು. "ಅತ್ತೆ, ಚಿಕ್ಕತ್ತೆ ಶಿಳ್ಳೆ ಹಾಕಿದ್ರೇನೇ ಅದು ಕುಡಿಯೋದು." ಶಿಳ್ಳೆ! ನೀನು ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದ ಬಡಿದುಕೊಳ್ಳುತ್ತಿದ್ದೇನೆ, ಈ ಮನೆಯ ಹೆಣ್ಣುಮಕ್ಕಳು ಶಿಳ್ಳೆ ಹಾಕಬಾರದು ಎಂದು. ನೀನು "ಆಯ್ತಕ್ಕಾ" ಎಂದು ತಲೆಯಾಡಿಸಿ, ನೆಟ್ಟಗೆ ಲಾಯಕ್ಕೆ ಹೋಗಿ ಹಾಕುತ್ತಿದ್ದೆ! ಮೊದಲೇ ಯಾಕೆ ಹೇಳಲಿಲ್ಲವೇ ಎಂದರೆ ಇವಳು, "ನಿಮ್ಮೆದುರು ಆ ಮಾತೆತ್ತೋ ಧೈರ್ಯ ಯಾರಿಗಿದೆ?" ಅನ್ನುತ್ತಾಳೆ. ಕುದುರೆ ಹೋದರೂ ಚಿಂತೆಯಿಲ್ಲ, ಅತ್ತೆಯ ಬಾಯಿಗೆ ಬೀಳಬಾರದು. ಎಂಥ ಸಂಸಾರ ಕಟ್ಟಿಕೊಂಡೆನೋ!

ಆಮೇಲಿನ ಕಥೆ ಕೇಳು. ಮಗ ಹಾಕಿದ್ದು ಬಸ್ಸು ನಿಲ್ಲಿಸುವ ಶಿಳ್ಳೆ, ಬೂದಿ ಬೆಚ್ಚಿ ಬಕೆಟ್ಟು ಒದ್ದಳು. ಸೊಸೆಯ ಬಾಯಿಂದ ಬಂದದ್ದು ಬರೀ ಉಗುಳು. ಕೊನೆಗೆ ನೀನು ಶಿಳ್ಳೆ ಹಾಕುವಾಗ ಇವಳು ಕದ್ದು ತೆಗೆದ ವಿಡಿಯೋ ಇದೆಯಂತೆ, ಅದನ್ನು ಫೋನಿನಲ್ಲಿ ಹಾಕಿದರು. ಅದನ್ನು ಹಾಕಬಾರದಿತ್ತು. ಬೂದಿ ಕಿವಿ ನಿಮಿರಿಸಿ, ಫೋನಿನ ಹಿಂದೆ ಮೂತಿ ಚಾಚಿ ಆ ಕಡೆ ಈ ಕಡೆ ಹುಡುಕಿದಳು. ನೀನಿಲ್ಲ ಎಂದು ತಿಳಿದ ಮೇಲೆ ಬಾಗಿಲ ಕಡೆ ತಿರುಗಿ ಸಂಜೆಯವರೆಗೂ ಕೆನೆದಳು. ಇನ್ನೊಮ್ಮೆ ಆ ಕೆಲಸ ಮಾಡಿದವರಿಗೆ ಈ ಮನೆಯಲ್ಲಿ ಊಟವಿಲ್ಲ ಎಂದಿದ್ದೇನೆ.

ಇದನ್ನು ಓದಿ ಕೋಲು ಊರಿಕೊಂಡು ಬಸ್ಸು ಹತ್ತೀಯೆ, ಜೋಕೆ. ಕಾಲು ಕೆಡಿಸಿಕೊಂಡು ಬಂದರೆ ನನಗೆ ನೋಡಿಕೊಳ್ಳಲು ಮೂರು ಮುದಿ ಜೀವ ಆಗುತ್ತವೆ. ಮಾತ್ರೆ ತಪ್ಪಿಸಬೇಡ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು, ನಿನಗೂ ಒಂದಿಷ್ಟು ಇದೆ, ಯೋಗ್ಯತೆ ಇಲ್ಲದಿದ್ದರೂ.

ನಿನ್ನ
ಅಕ್ಕ

ತಾ.ಕ.: ಇವತ್ತು ಬೆಳಿಗ್ಗೆ ಇಬ್ಬರನ್ನೂ ಪೇಟೆಗೆ ಅಟ್ಟಿ ನಾನೇ ಹಾಕಿದೆ. ಮೊದಲು ಬರೀ ಗಾಳಿ. ಹಲ್ಲಿನ ಸೆಟ್ಟು ತೆಗೆದು ಸ್ವೆಟರಿನ ಜೇಬಿಗಿಟ್ಟ ಮೇಲೆ ಏನೋ ಒಂದು ಸ್ವರ ಹೊರಟಿತು, ಆರುತ್ತಿರುವ ಕುಕ್ಕರಿನ ಹಾಗೆ. ಬೂದಿ ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ, ಕುಡಿಯತೊಡಗಿದಳು. ನನ್ನ ಉಸಿರು ನಿಂತಲ್ಲಿಗೆ ಅವಳೂ ನಿಲ್ಲಿಸಿದಳು. ಹೆಣ್ಣು ಶಿಳ್ಳೆ ಹಾಕಬಾರದು ಎಂಬ ನನ್ನ ಮಾತು ಇದ್ದ ಹಾಗೇ ಇದೆ. ಆದರೆ ನಾಲಿಗೆ ಎಲ್ಲಿಡಬೇಕು, ನಡುವೆ ಉಸಿರು ಹೇಗೆ ಎಳೆದುಕೊಳ್ಳಬೇಕು, ಕೂಡಲೇ ಬರೆ. ಲಕೋಟೆ ಗಟ್ಟಿಯಾಗಿ ಅಂಟಿಸು. ಅರ್ಧ ಬಕೆಟ್ಟು ಇನ್ನೂ ಹಾಗೇ ಇದೆ.