ಕಾಗೆ ಇರುವ ಅರ್ಧ

ಫೆಬ್ರವರಿ ೯, ಸೋಮವಾರ
ಮ್ಯೂಸಿಯಂ, ಊಟದ ಬಿಡುವಿನಲ್ಲಿ

ಉಪದೇಶಿಗಳಿಗೆ,

ನಿಮ್ಮ ಮಣ್ಣುಪಾಲಾದ ಹೆಂಡತಿಯ ನಮಸ್ಕಾರ. ಹಾಗೆಂದು ಹೆಸರಿಟ್ಟವರು ನೀವೇ, ಮದುವೆಯಾದ ಹೊಸದರಲ್ಲಿ ಮಣ್ಣು ಮೆತ್ತಿದ ನನ್ನ ಉಗುರುಗಳನ್ನು ನೋಡಿ.

ಬೆಳಿಗ್ಗೆ ಕಲ್ಲು ಕೆತ್ತುವವರು ಫೋನ್ ಮಾಡಿದ್ದರು. ವರ್ಷವಾಯಿತಮ್ಮಾ, ಮಗುವಿನ ಸಮಾಧಿಯ ಕಲ್ಲು ನನ್ನ ಅಂಗಳದಲ್ಲಿ ಬೋಳಾಗಿ ನಿಂತಿದೆ, ಇಬ್ಬರೂ ಸೇರಿ ಒಂದು ಹಕ್ಕಿ ಹೇಳಿ ಅಂದರು. ನೀವು ಪಾರಿವಾಳ ಅಂದಿರಿ, ನಾನು ಕಾಗೆ ಅಂದೆ. ಅವರಿಗೆ ಯಾವುದಾದರೂ ಅರ್ಧ ದಿನದ ಕೆಲಸವಂತೆ. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನೀವು ಒಂದು ಹೇಳುತ್ತೀರಿ, ನಾನು ಎರಡು ಹೇಳುತ್ತೇನೆ. ಕಾಗದವಾದರೆ ಎದುರು ಮಾತಾಡುವುದಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಿದ್ದರೂ ಇನ್ನೊಮ್ಮೆ ಹೇಳುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಸಾವಿರಾರು ವರ್ಷಗಳ ಹಿಂದೆ ಹಸಿಮಣ್ಣಿನ ಹಲಗೆಯ ಮೇಲೆ ಬರೆದದ್ದು ಈಗ ಚೂರುಚೂರಾಗಿ ನನ್ನ ಮೇಜಿಗೆ ಬರುತ್ತದೆ. ಯಾವ ಚೂರು ಯಾವುದಕ್ಕೆ ಕೂರುತ್ತದೆ ಎಂದು ನಾನು ನೋಡಬೇಕು. ಬರಹವನ್ನು ನಂಬಬಾರದು, ಒಂದರಂತೆ ಇನ್ನೊಂದು ಇರುತ್ತದೆ. ಮುರಿದ ಅಂಚನ್ನು ನಂಬಬೇಕು. ಎರಡು ಅಂಚು ಸದ್ದಿಲ್ಲದೆ ಕೂತವೆಂದರೆ ಅವು ಒಂದೇ ಹಲಗೆ. ಯಾವ ಪೆಟ್ಟಿಗೆಯಿಂದ ಬಂದವು ಎಂದು ಯಾರೂ ಕೇಳುವುದಿಲ್ಲ. ಶಾಲೆ ಬಿಟ್ಟ ಮೇಲೆ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಎಲ್ಲಕ್ಕೂ ‘ಯಾಕಮ್ಮ?’ ಎನ್ನುತ್ತಿದ್ದ ನಮ್ಮ ಮಗಳು ಯಾಕಮ್ಮ ಇದನ್ನು ಚೆನ್ನಾಗಿ ಕಲಿತಿದ್ದಳು. ಒಡೆದ ಬಿಸ್ಕತ್ತನ್ನೂ ಒಮ್ಮೆ ಜೋಡಿಸಿ ನೋಡದೆ ತಿನ್ನುತ್ತಿರಲಿಲ್ಲ.

ಆ ಚೂರುಗಳಲ್ಲೇ ಪ್ರಳಯದ ಕಥೆಯೂ ಇತ್ತು. ಜನರ ಗಲಾಟೆಗೆ ನಿದ್ದೆಗೆಟ್ಟ ದೇವರುಗಳು ಲೋಕವನ್ನೇ ಮುಳುಗಿಸಲು ಹೊರಡುತ್ತಾರೆ. ಅವರಲ್ಲೊಬ್ಬ ಗುಟ್ಟಾಗಿ ಒಬ್ಬ ಮನುಷ್ಯನಿಗೆ ಹೇಳಿ ದೋಣಿ ಕಟ್ಟಿಸುತ್ತಾನೆ. ನೀರು ನಿಂತ ಮೇಲೆ ಆ ಮನುಷ್ಯ ಪಾರಿವಾಳ ಬಿಡುತ್ತಾನೆ, ಅದು ಹಿಂದಿರುಗುತ್ತದೆ. ಕೊನೆಗೆ ಕಾಗೆ ಬಿಡುತ್ತಾನೆ, ಅದು ಹಿಂದಿರುಗುವುದಿಲ್ಲ, ಅಂದರೆ ನೆಲ ಸಿಕ್ಕಿತು. ನಿಮ್ಮ ಬೈಬಲಿನ ನೋಹನ ಕಥೆಯಲ್ಲಿ ಕಾಗೆ ಮೊದಲು, ಎಲೆ ಕಚ್ಚಿಕೊಂಡು ಬರುವ ಪಾರಿವಾಳ ಆಮೇಲೆ. ದೇವರು ಒಬ್ಬನೇ, ಮುಳುಗಿಸಿದ ಕಾರಣ ಪಾಪ. ಎರಡನ್ನೂ ಕೇಳಿ ಯಾಕಮ್ಮ, ‘ಗಲಾಟೆ ಮಾಡಿದ್ದಕ್ಕೆ ಮುಳುಗಿಸಿಬಿಟ್ರಾ? ಹಾಗಾದ್ರೆ ನಮ್ಮ ಕ್ಲಾಸೇ ಮೊದಲು ಹೋಗ್ಬೇಕಿತ್ತು’ ಅಂದಿದ್ದಳು. ನೀವು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದಿರಿ. ಆಗ ನಮ್ಮ ಮನೆಯಲ್ಲಿ ಎರಡು ಕಥೆಗೂ ಜಾಗವಿತ್ತು.

ಅವಳು ಆಸ್ಪತ್ರೆ ಸೇರಿದ ಮೇಲೆ ನೀವು ಹೆದರಿದಿರಿ. ಪ್ರಾರ್ಥನೆ ಮಾಡುವ ಹಾಸಿಗೆಯ ಪಕ್ಕದಲ್ಲಿ ಬೇರೆ ದೇವರುಗಳ ಮಾತು ಬೇಡ ಅಂದಿರಿ. ನಾನೂ ಹೆದರಿದ್ದೆ, ಆದರೆ ನನ್ನ ಹೆದರಿಕೆ ಹೊರಬರುವುದು ಕೋಪವಾಗಿ. ನಿಮ್ಮ ಕಥೆ ನನ್ನ ಕಥೆಯ ನಕಲು ಅಂದುಬಿಟ್ಟೆ, ಅದೂ ಅವಳ ಮುಂದೆ. ಅಂದಿನಿಂದ ಪಾಳಿ ಹಾಕಿಕೊಂಡೆವು: ಬೆಳಿಗ್ಗೆ ನೀವು ಮತ್ತು ಪಾರಿವಾಳ, ಮಧ್ಯಾಹ್ನ ನಾನು ಮತ್ತು ಕಾಗೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಈಗ ಯಾರಾದರೂ ಗಾದೆ ಹೇಳಿದರೆ ನಾನು ಎದ್ದು ಹೋಗುತ್ತೇನೆ.

ಕೊನೆಯ ದಿನ ಮಧ್ಯಾಹ್ನ ನಾನು ಬಂದಾಗ ದಿಂಬಿನ ಕೆಳಗಿಂದ ಒಂದು ಕಾಗದ ತೆಗೆದು ಕೊಟ್ಟಳು. ಬಣ್ಣದ ಪೆನ್ಸಿಲಿನ ಚಿತ್ರ. ದೋಣಿಯ ಹಿಂಭಾಗ, ಅದರ ಮೇಲೆ ಕಾಗೆ. ಮುಂಭಾಗ ಹರಿದುಹೋಗಿತ್ತು. ‘ನಿಂಗೆ ಗೊತ್ತಾಗತ್ತೆ’ ಅಂದಳು, ಅಷ್ಟೇ. ನನಗೆ ಗೊತ್ತಾದದ್ದು ಅವಳು ನನ್ನ ಹಕ್ಕಿಯನ್ನು ಆರಿಸಿದಳು ಎಂದು. ಮಡಚಿ ಚೀಲಕ್ಕೆ ಹಾಕಿಕೊಂಡು, ನೀರು ತರುವ ನೆಪದಲ್ಲಿ ಬೀಗುತ್ತ ಹೊರಗೆ ಬಂದೆ. ನೀವು ಮರೆತ ಕೊಡೆಗಾಗಿ ಹಿಂದಿರುಗಿ ಮೆಟ್ಟಿಲ ಬಳಿ ನಿಂತಿದ್ದಿರಿ. ಕಂಕುಳಲ್ಲಿ ಬೈಬಲ್. ಅದರ ಹಾಳೆಗಳ ನಡುವಿನಿಂದ ಹರಿದ ಕಾಗದವೊಂದರ ಅಂಚು ಇಣುಕುತ್ತಿತ್ತು.

ಒಂದು ವರ್ಷ ಯಾರಿಗೂ ಹೇಳದ್ದನ್ನು ಈಗ ಹೇಳುತ್ತೇನೆ. ಇಪ್ಪತ್ತು ವರ್ಷ ಅಂಚು ನೋಡಿಯೇ ಹೊಟ್ಟೆ ಹೊರೆದವಳು ನಾನು. ಕಂಡ ಕೂಡಲೇ ತಿಳಿಯಿತು, ಅದು ನನ್ನ ಕಾಗದದ ಇನ್ನರ್ಧ. ಒಂದೇ ದೋಣಿ, ಎರಡು ಹಕ್ಕಿ. ಅಪ್ಪ ಅಮ್ಮ ಒಂದು ಕಡೆ ಕೂತು ಜೋಡಿಸಲಿ ಎಂದು ಅವಳು ಬೇಕೆಂದೇ ಹರಿದು ಹಂಚಿದ್ದಳು. ಕೈ ಚಾಚಿ, ಅದನ್ನಿಷ್ಟು ಕೊಡಿ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಗೆದ್ದ ಸುಖ ಇನ್ನೂ ಐದು ನಿಮಿಷ ಬೇಕಿತ್ತು ನನಗೆ. ಬದಲಿಗೆ, ಯಾರ ಕಥೆ ಮೊದಲಿನದು ಎಂದು ಮತ್ತೆ ಕೆದಕಿದೆ. ಅದು ಬೆಂಕಿಗೆ ತುಪ್ಪ ಸುರಿದಂತಾಯಿತು. ಡಾಕ್ಟರು ಇನ್ನೂ ಎರಡು ವಾರ ಅಂದಿದ್ದರಲ್ಲ, ನಮಗೇನು ಅವಸರ? ಮುಕ್ಕಾಲು ಗಂಟೆ ವಾದಿಸಿದೆವು. ನರ್ಸ್ ಓಡಿ ಬಂದು ಕರೆದಾಗ ನಾವಿಬ್ಬರೂ ಒಟ್ಟಿಗೆ ಒಳಗೆ ಹೋದೆವು. ಅವಳು ಹೋಗಿಬಿಟ್ಟಿದ್ದಳು. ಮುಖ ಬಾಗಿಲ ಕಡೆಗಿತ್ತು.

ನೀವೀಗ ಇರುವ ಪ್ರಾರ್ಥನಾಲಯದ ಹಿಂದಿನ ಕೋಣೆಯಲ್ಲಿ ಆ ಪಾರಿವಾಳಕ್ಕೆ ಚೌಕಟ್ಟು ಹಾಕಿಸಿದ್ದೀರಂತೆ, ‘ಮಗಳು ಕೊನೆಗೆ ನನ್ನ ಕಥೆಯನ್ನೇ ಆರಿಸಿದಳು’ ಎನ್ನುತ್ತೀರಂತೆ. ನಿಮ್ಮನ್ನು ದೂರಲಾರೆ, ನಿಮಗೆ ಅಂಚು ಓದಲು ಬರುವುದಿಲ್ಲ. ನನಗೆ ಬರುತ್ತದೆ. ಯಾವುದು ಹಳೆಯದು ಎಂಬುದಕ್ಕೆ ಈಗಲೂ ನನ್ನ ಬಳಿ ಉತ್ತರವಿದೆ, ಆದರೆ ಅದರಿಂದ ಯಾರಿಗೇನು? ನೀರು ಕಂಡು ಹೆದರಿದ ಯಾರೋ ಹೇಳಿದ್ದನ್ನು, ಮುಂದೆ ಯಾರೋ ಹೆದರಿದಾಗ ನೆನೆಸಿಕೊಂಡರು. ನನಗೆ ತೋಚುವುದು ಇಷ್ಟೇ.

ಕಲ್ಲಿನ ಮೇಲೆ ಎರಡೂ ಹಕ್ಕಿ ಇರಲಿ. ಶುಕ್ರವಾರ ಮ್ಯೂಸಿಯಂಗೆ, ನನ್ನ ಮೇಜಿನ ಬಳಿಗೆ, ನಿಮ್ಮ ಅರ್ಧ ತೆಗೆದುಕೊಂಡು ಬನ್ನಿ. ಅಂಟಿಸಿದ್ದರೆ ಕೀಳಲು ಹೋಗಬೇಡಿ, ಚೌಕಟ್ಟಿನ ಸಮೇತ ತನ್ನಿ. ಬಿಡಿಸುವುದು ನನ್ನ ಕೆಲಸ. ನನ್ನ ಮೇಲೆ ಕೋಪವಿದ್ದರೆ ಕೋಪ ಇಟ್ಟುಕೊಂಡೇ ಬನ್ನಿ.

ಇಂತಿ,
ಅವಳ ಅಮ್ಮ

ಮರೆತು ಉಳಿದ ಮಾತಲ್ಲ ಇದು, ಬರೆಯಲು ಕೈ ಬರಲಿಲ್ಲ. ನನ್ನ ಅರ್ಧದ ಹಿಂಬದಿಯಲ್ಲಿ ಅವಳ ಅಕ್ಷರದಲ್ಲಿ ಎರಡು ಸಾಲಿದೆ. ಅವಳನ್ನು ಮಣ್ಣು ಮಾಡಿ ಮನೆಗೆ ಬಂದ ಮೇಲಷ್ಟೇ ನಾನು ಅದನ್ನು ತಿರುಗಿಸಿ ನೋಡಿದ್ದು: ‘ಜೋಡಿಸಿ ಆದ್ಮೇಲೆ ಇಬ್ರೂ ಒಟ್ಟಿಗೆ ಬಂದು ನನ್ನ ಕರೀರಿ. ನಾನು ನಿದ್ದೆ ಮಾಡಲ್ಲ, ಬಾಗಿಲು ನೋಡ್ತಾ ಇರ್ತೀನಿ.’