ಡಯಲಿನ ಮೇಲಿನ ಚುಕ್ಕೆ

ಮಾರ್ಚ್ ೧೨, ಗುರುವಾರ

ಆ ಚುಕ್ಕೆ ಗಡಿಯಾರದಲ್ಲಿ ಇರಲೇ ಇಲ್ಲ.

ನಮ್ಮ ಅಂಗಡಿಗೆ ರಿಪೇರಿಗೆ ಬಂದ ಮೇಷ್ಟ್ರ ಕೈಗಡಿಯಾರವನ್ನು ಸೋಮವಾರದಿಂದ ಮೂರು ಸಲ ಬಿಚ್ಚಿದ್ದೆ. ಡಯಲಿನ ಮೇಲೆ ಕೂದಲೆಳೆಯಷ್ಟು ಕಪ್ಪು. ಊದಿದರೂ ಹೋಗಲಿಲ್ಲ, ಒರೆಸಿದರೂ ಹೋಗಲಿಲ್ಲ. ಕೊನೆಗೆ ಅಣ್ಣ ಭೂತಗನ್ನಡಿ ಇಟ್ಟು ನೋಡಿ, "ಇಲ್ಲೇನೂ ಇಲ್ವಲ್ಲೋ" ಅಂದ.

ಇವತ್ತು ಕಣ್ಣಿನ ಡಾಕ್ಟರು ನೋಡಿದರು. ಒಳಗೆ ಸಣ್ಣ ರಕ್ತನಾಳ ಸೋರಿದೆಯಂತೆ. ನಾಳೆಯೇ ಲೇಸರ್. ಇರುವ ದೃಷ್ಟಿ ಉಳಿಯಬಹುದು ಅಂದರು.

"ಎರಡು ವರ್ಷದಿಂದ ಶುಗರ್ ಹಿಡಿತದಲ್ಲೇ ಇದೆಯಲ್ಲ ಮೇಡಂ?"

"ಇದು ಇವತ್ತಿನದಲ್ಲಪ್ಪ. ಹದಿನಾರು ಹದಿನೇಳನೇ ವಯಸ್ಸಲ್ಲಿ ಹೇಗಿತ್ತು?"

ಹನ್ನೊಂದನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಂಡು ಬೇಸತ್ತವನು, ಆಗ ಬೆರಳು ಚುಚ್ಚಿ ನೋಡುವುದನ್ನೇ ಬಿಟ್ಟಿದ್ದೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮೂರು ತಿಂಗಳ ಶುಗರ್ ಅಂಕಿಗಳನ್ನೂ ಕೂತಲ್ಲೇ ನೋಟುಪುಸ್ತಕದಲ್ಲಿ ಹುಟ್ಟಿಸುತ್ತಿದ್ದೆ. ಅನುಮಾನ ಬರಬಾರದೆಂದು ಒಂದು ವಾರ ನೀಲಿ ಪೆನ್ನು, ಒಂದು ವಾರ ಕಪ್ಪು. ಅಲ್ಲಲ್ಲಿ ಬೇಕೆಂದೇ ಒಂದು ಕೆಟ್ಟ ಅಂಕಿ. ಎಷ್ಟು ಜಾಣ.

ಊಟ ಆದಮೇಲೆ ಅಮ್ಮ ಬೀರು ತೆರೆದು ಆ ನೋಟುಪುಸ್ತಕಗಳನ್ನೆಲ್ಲ ತಂದಳು. ಒಂದನ್ನೂ ಎಸೆದಿಲ್ಲ.

"ನಾಳೆ ಡಾಕ್ಟರಿಗೆ ನಾನೇ ತೋರಿಸ್ತೀನಿ ಕಣೋ. ನನ್ನ ಮಗ ಒಂದು ದಿನಾನೂ ತಪ್ಪಿಸಿಲ್ಲ ಅಂತ ಅವ್ರಿಗೂ ಗೊತ್ತಾಗ್ಲಿ."

ಕಟ್ಟು ಮೇಜಿನ ಮೇಲಿದೆ. ಮೇಲಿನದನ್ನು ತೆರೆದೆ. ನೀಲಿ, ಕಪ್ಪು, ನೀಲಿ. ಪುಟದ ನಡುವೆ ಆ ಚುಕ್ಕೆ ತೇಲುತ್ತಿದೆ. ಅವಳು ಏಳುವ ಮುಂಚೆ ನಾನು ಎದ್ದು ಕಾಯಬೇಕು; ಅವಳಿಗೆ ಎಲ್ಲ ನಿಜ ಹೇಳಿಬಿಡಬೇಕು.